ನನ್ನ ತಮ್ಮ ಅಕ್ಷರ ಕಲಸಿದ್ದು

ನೆಟ್ಟಗಿರುವುದನ್ನು ಕೆಡಿಸುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ? ನನ್ನ ತಮ್ಮನಿಗೆ ಕೊಟ್ಟರು! ಅದೂ ಸರಕಾರಿ ಸಂಬಳ, ಈಗ ಪಿಂಚಣಿ ಬೇರೆ. ಡಿಪ್ಲೊಮಾ ಕಾಲೇಜಿನಲ್ಲಿ ಅವನು ಕಂಪ್ಯೂಟರ್ ಮಾಸ್ತರನಾಗಿದ್ದ. ಹುಡುಗರಿಗೆ ಏನು ಹೇಳಿಕೊಡುತ್ತೀಯೋ ಎಂದು ಒಮ್ಮೆ ಕೇಳಿದ್ದಕ್ಕೆ, “ಸಾಲಾಗಿ ನಿಂತದ್ದನ್ನ ಹೆಂಗ ಕಲಸಬೇಕು ಅನ್ನೂದು ಯಕ್ಕಾ. ಒಂದಕ್ಕೂ ಅನ್ಯಾಯ ಆಗದಂಗ” ಎಂದ. ಇದಕ್ಕೆ ಕಾಲೇಜು ಬೇಕೇ? ನಮ್ಮ ಹುನಗುಂದದ ಮನೆಯ ಬೆಕ್ಕನ್ನು ಅಡುಗೆಮನೆಯೊಳಗೆ ಬಿಟ್ಟರೆ ಸಾಕು, ಪಿಂಚಣಿಯನ್ನೂ ಕೇಳದೆ ಮಾಡಿಕೊಡುತ್ತದೆ.

ಅವನು ಚಿಕ್ಕಂದಿನಿಂದಲೂ ಹೀಗೆಯೇ. ದೀಪಾವಳಿಯಲ್ಲಿ ಗಂಡಸರು ಇಸ್ಪೀಟಿಗೆ ಕೂತರೆ ಎಲೆ ಕಲಸುವ ಕೆಲಸವನ್ನು ಯಾರ ಕೈಗೂ ಬಿಡುತ್ತಿರಲಿಲ್ಲ. ಕಲಸಿದ್ದೇ ಕಲಸಿದ್ದು. ಸುತ್ತ ಕೂತವರು ಎಲೆ ಅಡಿಕೆ ಹಾಕಿಕೊಂಡು ಉಗುಳಿ ಬಂದು, ಮತ್ತೆ ಹಾಕಿಕೊಂಡರೂ ಇವನದು ಮುಗಿಯುತ್ತಿರಲಿಲ್ಲ. ನಮ್ಮ ಸೋದರಮಾವ ತಾಳ್ಮೆ ಕೆಟ್ಟು, “ಲೇ, ಹಂಚಲೇ! ಎಲಿಮ್ಯಾಲಿನ ರಾಜಾನ ಗಡ್ಡ ಬೆಳ್ಳಗಾತು!” ಎಂದು ಕೂಗಿದರೆ, “ತಡೀ ಮಾಮಾ, ಮೊದಲ ಮ್ಯಾಲಿದ್ದವು ಇನ್ನೂ ಮ್ಯಾಲೇ ಅದಾವು” ಅನ್ನುವನು. ಅವನಿಗೆ ಸಮಾಧಾನವಾಗಿ ಹಂಚಲು ತಲೆ ಎತ್ತಿದಾಗ ಜಮಖಾನೆಯ ಮೇಲೆ ಯಾರೂ ಇರಲಿಲ್ಲ. ಎಲ್ಲರೂ ಹೋಳಿಗೆ ಊಟಕ್ಕೆ ಎದ್ದು ಹೋಗಿದ್ದರು!

ಮದುವೆಯಾದ ಮೇಲಾದರೂ ತಿದ್ದಿಕೊಂಡನೇ? ಊಟಕ್ಕೆ ಕೂತರೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮೂರೂ ಎದುರಿಗಿರುತ್ತಿದ್ದವು. ಕೈ ಹಾಕುತ್ತಿರಲಿಲ್ಲ. ದಿನಾ ಒಂದನ್ನೇ ತಿಂದರೆ ಉಳಿದವಕ್ಕೆ ಅನ್ಯಾಯವಂತೆ! ಮೂರು ಚೀಟಿ ಬರೆದು, ಮಡಚಿ, ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದ. ಅಷ್ಟರಲ್ಲಿ ರೊಟ್ಟಿ ಆರಿ ಹಪ್ಪಳವಾಗಿರುತ್ತಿತ್ತು. ಅವನ ಹೆಂಡತಿ ಬಿಡುವವಳಲ್ಲ. “ಚೀಟಿನ ತಿಂದು ಏಳ್ರಿ ಹಂಗಾರ. ಅದಾದ್ರೂ ಮೆತ್ತಗ ಐತಿ” ಅನ್ನುವಳು.

ಅವಳು ಗುಳೇದಗುಡ್ಡದವಳು. ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗದ ಸಪ್ಪಳದ ಮೇಲೆ ಮಾತಾಡಿ ಬೆಳೆದ ಗಂಟಲು. ಇಳಕಲ್ಲಿನ ತಮ್ಮನ ಮನೆಯ ಹಿತ್ತಿಲಲ್ಲಿ ನಿಂತು ಗಂಡನನ್ನು ಬೈದರೆ ಮುಂದಿನ ಓಣಿಯ ಗಂಡಂದಿರೂ ನೆಟ್ಟಗಾಗುತ್ತಿದ್ದರು. ಅಂಥವಳಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಕಾಲು ಬೇಗ ಬಂತು. ಬಲಗೈ ಅರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಮೊದಮೊದಲು ಬಂದದ್ದೂ ಒಂದಕ್ಕೆ ಇನ್ನೊಂದಾಗಿ ಬರುತ್ತಿತ್ತು. ನೀರು ಬೇಕಾದರೆ “ಕಿಟಕಿ” ಅನ್ನುವಳು. ಗಂಡನನ್ನು ಕರೆಯಬೇಕಾದರೆ “ಬದನಿಕಾಯಿ” ಅನ್ನುವಳು. ಇದು ತಪ್ಪು ಅಂತ ನನಗೇನೂ ಅನ್ನಿಸಲಿಲ್ಲ! ಆದರೆ ಅವಳಿಗೆ ಅನ್ನಿಸಿತು. ತಪ್ಪು ಮಾತಾಡಿ ನಗೆಪಾಟಲಾಗುವುದಕ್ಕಿಂತ ಸುಮ್ಮನಿರುವುದು ಮೇಲು ಎಂದುಕೊಂಡಳೋ ಏನೋ, ಬಾಯಿ ಮುಚ್ಚಿದಳು. ಮುಚ್ಚಿದವಳು ತೆರೆಯಲೇ ಇಲ್ಲ. ಮನೆಯೊಳಗೆ ಗಡಿಯಾರದ ಸಪ್ಪಳ ಕೇಳಿಸತೊಡಗಿತು. ಆ ಮನೆಯಲ್ಲಿ ಗಡಿಯಾರ ಇದೆಯೆಂದು ನನಗೆ ಗೊತ್ತಾದದ್ದೇ ಆವಾಗ. ರೊಟ್ಟಿ ಬಡಿಯುವವರು ಬೇಕಲ್ಲ ಎಂದು ನಾನು ಹುನಗುಂದದಿಂದ ಬಂದು ಅಲ್ಲಿಯೇ ಕೂತೆ.

ಬಾಗಲಕೋಟೆಯಲ್ಲಿ ಮಾತು ಕಲಿಸುವ ಡಾಕ್ಟರ್ ಇದ್ದಾಳೆಂದು ಯಾರೋ ಹೇಳಿದರು. ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಚಿಕ್ಕ ಹುಡುಗಿ, ದೊಡ್ಡ ಕನ್ನಡಕ. ಪರೀಕ್ಷೆ ಮಾಡಿ ಹೇಳಿದಳು: “ಇವರು ಮಾತು ಮರ್ತಿಲ್ರಿ. ದಾರಿ ತಪ್ಪೈತಿ. ಒಂದು ಹೆಸರು ತಗೊಂಡು ಅದರ ಅಕ್ಷರ ಕಲಸಿ ಕೊಡ್ರಿ. ಇವರು ಹೊಂದಿಸ್ಲಿ. ಹೊಂದಿಸಿದ್ದನ್ನ ಬಾಯಿಂದ ಅನ್ನಾಕ ಹಚ್ಚರಿ. ಈಗ ದಿನಾ ಮಾಡಿದ್ರ ಬಂದೀತು. ಕೈ ಬಿಟ್ರ ಹಿಂಗ ಉಳೀತೈತಿ ನೋಡ್ರಿ.”

ಅಕ್ಷರ ಕಲಸಿ ಕೊಡಿ ಅಂದಳಲ್ಲ, ಆಗ ನನ್ನ ತಮ್ಮನ ಮುಖ ನೋಡಬೇಕಿತ್ತು! ಹೆಂಡತಿಗೆ ಲಕ್ವಾ ಹೊಡೆದ ಮನುಷ್ಯನ ಮುಖವಲ್ಲ ಅದು, ವರನ ಮುಖ. ಬಸ್ಸಿನಲ್ಲಿ ಬರುವಾಗಲೇ ಅಂಗೈ ಮೇಲೆ ಪೆನ್ನಿನಿಂದ ಕಂಪ್ಯೂಟರಿನ ಲೆಕ್ಕ ಗೀಚತೊಡಗಿದ. ನನಗೆ ಸಿಟ್ಟು ಬಂತು.

“ಅಲ್ಲೋ, ಅಕಿ ತಲ್ಯಾಗ ದೇವರ ಎಲ್ಲಾ ಕಲಸಿಟ್ಟಾನ. ನೀ ಮ್ಯಾಲ ಮತ್ತ ಕಲಸ್ತೀಯೇನು?”

“ಜೋಡಸೂದು ರೂಢಿ ಆಗ್ಬೇಕಂದ್ರ ಕಲಸ್ಬೇಕಲ್ಲ ಯಕ್ಕಾ.”

“ಹಂಗಾರ ಚೀಟಿ ಬರದು ಡಬ್ಬ್ಯಾಗ ಹಾಕಿ ಅಳ್ಳಾಡ್ಸು. ಅದಕ್ಯಾಕ ಕಂಪ್ಯೂಟರ್?”

“ಡಬ್ಬ್ಯಾಗ ಚೀಟಿ ಒಂದಕ್ಕೊಂದು ಅಂಟ್ಕೊಂತಾವು. ನ್ಯಾಯ ಆಗೂದಿಲ್ಲ.”

“ಅಕ್ಷರಕ್ಕ ಎಂಥಾ ನ್ಯಾಯೋ ಹುಚ್ಚಪ್ಯಾ!”

ಅವನ ಅಂಗೈ ತುಂಬಿದ್ದರಿಂದ ಮೊಣಕೈ ಕಡೆಗೆ ಬರೆಯುತ್ತಿದ್ದ.

ಕೈಯಿಂದ ಮುಟ್ಟಿದರೆ ಕೆಲಸ ಮಾಡುವ ದೊಡ್ಡ ಫೋನಿನಂಥದೊಂದು ಮನೆಗೆ ಬಂತು. ಅದರ ಪರದೆಯ ಮೇಲೆ ತಮ್ಮ ಬರೆದು ಕೂಡಿಸಿದ ಒಂದು ಗುಂಡಿ. ಅದನ್ನು ಒತ್ತಿದರೆ ಒಂದು ಹೆಸರಿನ ಅಕ್ಷರಗಳು ಚೌಕ ಚೌಕ ಮನೆಗಳಲ್ಲಿ ಕೂತಂತೆ ಹಿಂದುಮುಂದಾಗಿ ಬಂದು ಕೂರುತ್ತಿದ್ದವು. ಬೆರಳಿನಿಂದ ಸರಿಸಿ ಹೊಂದಿಸಬೇಕು. ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು. ಇನ್ನೇನು ಬೇಕು? ಆದರೆ ತಮ್ಮನಿಗೆ ಸಮಾಧಾನವಿಲ್ಲ. “ಬರೂದೇನೋ ಬರತೈತಿ ಯಕ್ಕಾ. ಆದ್ರ ಒಳಗ ಅದು ಎಷ್ಟು ತ್ರಾಸ ಪಡತೈತಿ ಗೊತ್ತೇನು?” ಎಂದು ಮರುಗಿದ. ಹೆಂಡತಿ ಹಿಟ್ಟಿನ ಡಬ್ಬ ಎತ್ತುವಾಗ ಒಂದು ದಿನವೂ ಮರುಗದವನು ಮಷಿನ್ನಿಗೆ ಮರುಗುತ್ತಿದ್ದ!

ಆ ತ್ರಾಸನ್ನು ನನಗೆ ತೋರಿಸಲೆಂದು ಓಣಿಯ ಹೆಂಗಸರನ್ನು ಕರೆದು ನಿಲ್ಲಿಸಿದ. ಬೇರೆ ಹೆಸರಾದರೆ ಅವರು ಬರುತ್ತಿರಲಿಲ್ಲವೆಂದು ಬನಶಂಕರಿಯ ಹೆಸರನ್ನೇ ಹಿಡಿದ. ದೇವಿಯ ಹೆಸರಿಗೆ ಯಾರು ಒಲ್ಲೆ ಅಂದಾರು? ಐದು ಜನರ ಕೈಗೆ ಐದು ಗಂಗಾಳ. ಅವುಗಳ ಬೆನ್ನಿಗೆ ಸುಣ್ಣದಿಂದ ಬರೆದ ಒಂದೊಂದು ಅಕ್ಷರ: ಬ, ನ, ಶಂ, ಕ, ರಿ. ಅವನ ಟೊಪ್ಪಿಗೆಯಲ್ಲಿ ಒಂದರಿಂದ ಐದರವರೆಗೆ ಚೀಟಿ. ಯಾವ ನಂಬರು ಬಂತೋ ಆ ಹೆಂಗಸು ಓಣಿ ದಾಟಿ ಆ ಕಡೆ ಸಾಲಿಗೆ ನಿಲ್ಲಬೇಕು. ಎತ್ತಿದ ಚೀಟಿಯನ್ನು ಮತ್ತೆ ಟೊಪ್ಪಿಗೆಗೇ ಹಾಕಬೇಕು. ದಾಟಿ ಹೋದವಳ ನಂಬರೇ ಮತ್ತೆ ಬಂದರೆ ಅದು ದಂಡ, ಇನ್ನೊಂದು ಎತ್ತಬೇಕು. ತಮ್ಮನ ಹೆಂಡತಿಯನ್ನು ಕಟ್ಟೆಯ ಮೇಲೆ ನೆರಳಿಗೆ ಕೂಡಿಸಿದ್ದೆ.

ಮೊದಲ ಮೂವರು ಸರಾಗವಾಗಿ ದಾಟಿದರು. ನಾಲ್ಕನೆಯವಳು ಸ್ವಲ್ಪ ಕಾದಳು. ಈ ಕಡೆ ‘ರಿ’ ಹಿಡಿದವಳೊಬ್ಬಳೇ ಬಿಸಿಲಿನಲ್ಲಿ ಉಳಿದಳು. ತಮ್ಮ ಚೀಟಿ ಎತ್ತುತ್ತಾನೆ: ಎರಡು. ದಂಡ. ಮತ್ತೆ: ನಾಲ್ಕು. ದಂಡ. ಮತ್ತೆ ಎರಡು!

“ಮಾಸ್ತರ್ರ, ಈ ಕಡಿ ಉಳದಾಕಿ ನಾ ಒಬ್ಬಾಕೀ. ಸುಮ್ಕ ಕರೀರಲ್ಲ!”

“ಹಂಗ ಕರ್ಯಾಕ ಬರೂದಿಲ್ಲವ್ವಾ. ಕಂಪ್ಯೂಟರಿಗೆ ಕಣ್ಣಿಲ್ಲ.”

“ಕಂಪ್ಯೂಟರಿಗೆ ಇರ್ಲಿಕ್ಕಿಲ್ಲ, ನಿಮಗಿಲ್ಲೇನ್ರಿ? ಒಲಿಮ್ಯಾಲ ಹಾಲಿಟ್ಟ ಬಂದೇನಿ!”

“ಮೂರು... ದಂಡ. ಇನ್ನೊಂದ್ಸಲ ತಡಿಯವ್ವಾ.”

ಅಷ್ಟರಲ್ಲಿ ಹಾಲು ಹೊತ್ತಿದ ವಾಸನೆ ಓಣಿ ತುಂಬಾ ಹಬ್ಬಿತು. ‘ರಿ’ ಗಂಗಾಳವನ್ನು ಅಲ್ಲೇ ಬಿಸಾಡಿ ಓಡಿತು. ನನ್ನ ತಮ್ಮನಿಗೆ ಎಲ್ಲಿಲ್ಲದ ಸಂತೋಷ. “ನೋಡಿದಿಲ್ಲೊ ಯಕ್ಕಾ? ಇದs ತ್ರಾಸು! ಕಡೀಕ ಉಳದದ್ದಕ್ಕ ಸುಮ್ಮಸುಮ್ಮನ ಕಾಯೋದು!”

ಅವಳು ಸೀದ ಪಾತ್ರೆಯನ್ನು ನೆನೆಹಾಕಿ ಮುಖ ಊದಿಸಿಕೊಂಡು ಬಂದಳು. ಈ ಸಲ ಅವನು ಬೇರೆ ಥರ ಮಾಡಿದ. ಯಾರೂ ಓಣಿ ದಾಟುವುದು ಬೇಡ. ಸಾಲಿನ ಕಡೆಯ ಜಾಗದಲ್ಲಿ ನಿಂತವಳು ಒಂದು ಚೀಟಿ ಎತ್ತಬೇಕು. ಆ ನಂಬರಿನ ಜಾಗದಲ್ಲಿ ನಿಂತವಳ ಜೊತೆ ಅದಲು ಬದಲಾಗಬೇಕು. ಆಯಿತು, ಕಡೆಯ ಜಾಗ ಪಕ್ಕಾ. ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ, ಆ ಜಾಗದ ಚೀಟಿಯೂ ಟೊಪ್ಪಿಗೆಯಿಂದ ಹೊರಗೆ. ಈಗ ಅದಕ್ಕಿಂತ ಹಿಂದಿನ ಜಾಗದವಳು ಎತ್ತಬೇಕು. ಹೀಗೆ ಸಾಲು ಗಿಡ್ಡವಾಗುತ್ತಾ ಬಂತು. ದಂಡವೇ ಇಲ್ಲ! ಒಬ್ಬೊಬ್ಬಳಿಗೆ ಒಂದೊಂದು ಚೀಟಿ, ಒಂದು ಉಳ್ಳಾಗಡ್ಡಿ ಹೆಚ್ಚುವಷ್ಟರಲ್ಲಿ ಬನಶಂಕರಿ ಪೂರ್ತಿ ಹಿಂದುಮುಂದಾಗಿ ನಿಂತಿದ್ದಳು. ಯಾರಾದರೂ ಎಲ್ಲಿಯಾದರೂ ನಿಲ್ಲಬಹುದಿತ್ತು, ಯಾರಿಗೂ ಅನ್ಯಾಯವಿಲ್ಲ ಎಂದು ತಮ್ಮ ಎದೆ ಉಬ್ಬಿಸಿದ.

ಹಾಲು ಕಳೆದುಕೊಂಡವಳು ಸೊಂಟಕ್ಕೆ ಕೈ ಕೊಟ್ಟು ಕೇಳಿದಳು: “ಇದನ್ನs ಮೊದಲ ಮಾಡಾಕ ಏನ ಧಾಡಿ ಆಗಿತ್ತರಿ?”

ಕಟ್ಟೆಯ ಕಡೆ ತಿರುಗಿ ನೋಡಿದೆ. ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಸಪ್ಪಳವಿಲ್ಲದ ನಗು. ಲಕ್ವಾ ಹೊಡೆದ ಮೇಲೆ ಅದೇ ಮೊದಲ ನಗು. ಹೋದ ಹಾಲು ಹೋಗಲಿ ಎಂದು ನಾನು ನಮ್ಮ ಮನೆಯ ಹಾಲನ್ನೇ ಆ ಹೆಂಗಸಿನ ಚರಿಗೆಗೆ ಸುರಿದೆ.

ಆ ರಾತ್ರಿಯೇ ತಮ್ಮ ಮಷಿನ್ನಿನೊಳಗಿನ ಹಳೆಯದನ್ನು ಅಳಿಸಿ ಈ ಹೊಸ ಥರವನ್ನು ಬರೆದ. ಕಲಸುವುದು ಚೊಕ್ಕವಾಯಿತೇ? ಎಲ್ಲಿಯದು! ಮಾರನೆಯ ದಿನ ಗುಂಡಿ ಒತ್ತಿದರೆ ಪರದೆಯ ಮೇಲೆ ನಾನು ಜನ್ಮದಲ್ಲಿ ಕಾಣದ ಅಕ್ಷರಗಳು. ನಾನು ಓದು ಕಲಿತದ್ದೇ ಮುದುಕಿಯಾದ ಮೇಲೆ, ಅದೂ ಬಸ್ಸಿನ ಬೋರ್ಡಿಗೆ ಆಗುವಷ್ಟು. ಆದರೂ ಕೊಂಬು ಅಕ್ಷರ ಬಿಟ್ಟು ಒಂದೇ ತಿರುಗಾಡುವುದಿಲ್ಲ ಎಂಬಷ್ಟು ನನಗೂ ಗೊತ್ತು. ಇಲ್ಲಿ ಕೊಂಬು ಒಂದು ಕಡೆ ಅಲೆಯುತ್ತಿದೆ, ದೀರ್ಘ ಇನ್ನೊಂದು ಕಡೆ ಚುಕ್ಕಿ ಚುಕ್ಕಿಯ ಬಳೆಯೊಂದಕ್ಕೆ ಜೋತು ಬಿದ್ದಿದೆ. ನನಗೆ ಕಣ್ಣಿನ ಪೊರೆ ಬಲಿಯಿತು ಎಂದುಕೊಂಡು ಕನ್ನಡಕ ತೊಳೆದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಕ್ಷರ ಹಾಗೆಯೇ ಇದ್ದವು, ಕನ್ನಡಕ ಮಾತ್ರ ಹಾಳಾಯಿತು.

ತಮ್ಮ ಬಂದು ನೋಡಿ ಹಣೆ ಹಣೆ ಬಡಿದುಕೊಂಡ. “ಯಕ್ಕಾ, ನಮಗ ‘ಡ್ಡ’ ಅಂದ್ರ ಒಂದು ಅಕ್ಷರ. ಮಷಿನ್ನಿಗೆ ಅದು ಮೂರು ತುಂಡು! ‘ಗು’ ಅಂದ್ರ ಎರಡು! ನಾ ತುಂಡೆಲ್ಲಾ ಬಿಡಿಬಿಡಿ ಕಲಸಿಬಿಟ್ಟೇನಿ!”

“ಇಷ್ಟ ವರ್ಷ ಹುಡುಗರಿಗೆ ಏನ ಹೇಳಿಕೊಟ್ಟಿ ಮತ್ತ?”

“ಕಾಲೇಜಿನ್ಯಾಗ ಇಂಗ್ಲಿಷ್ ಅಕ್ಷರ ಕಲಸ್ತಿದ್ವಿ. ಅವಕ್ಕ ಸಂಸಾರ ಇಲ್ಲ, ಒಂಟಿ ಮಂದಿ. ನಮ್ಮವು ಹೆಂಡ್ರು ಮಕ್ಕಳ್ನ ಕಟ್ಕೊಂಡು ನಿಂತಾವು.”

ಮೊದಲು ಆ ಸಂಸಾರಗಳನ್ನು ಒಂದೊಂದು ಗಂಟು ಕಟ್ಟಿ, ಆಮೇಲೆ ಗಂಟುಗಳನ್ನು ಅದಲು ಬದಲು ಮಾಡಲು ಹಚ್ಚಿದ. ಅಕ್ಷರಗಳು ಮನುಷ್ಯರಂತಾದವು.

ಇನ್ನು ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಗಂಡ ಹೆಂಡತಿ ಪಡಸಾಲೆಯಲ್ಲಿ ಎದುರುಬದುರು ಕೂರತೊಡಗಿದರು. ಮೊದಲು ಅವಳಿಗೆ ಒಂದು ‘ಬಾಗಿಲು’ ಹೊಂದಿಸುವುದರಲ್ಲಿ ನನ್ನ ರೊಟ್ಟಿಯೆಲ್ಲ ಮುಗಿದಿರುತ್ತಿದ್ದವು. ದಿನ ಕಳೆದಂತೆ ಬೆರಳು ಚುರುಕಾಯಿತು. ಎಷ್ಟು ಚುರುಕು ಅಂದರೆ ಅಕ್ಷರ ಬರುವುದೇ ತಡ, ಟಕಟಕನೆ ಸರಿಸಿ ಕೈಕಟ್ಟಿ ಕೂರುವಳು. ತಮ್ಮ ಕುಣಿದಾಡಿದ. “ಯಕ್ಕಾ, ತಲಿ ದಾರಿಗೆ ಬಂತು! ನಾಲಿಗಿ ಹಿಂದ ಬರತೈತಿ!” ಎಂದು ಅಮೀನಗಡದ ಕರದಂಟು ತರಿಸಿ ಓಣಿಗೆಲ್ಲ ಹಂಚಿದ. ಸೀದ ಹಾಲಿನವಳಿಗೆ ಒಂದು ಹೆಚ್ಚು.

ನನಗೆ ಏನೋ ಹೊಂದಿಕೆಯಾಗಲಿಲ್ಲ. ಒಂದು ದಿನ ರೊಟ್ಟಿ ಬಿಟ್ಟು ಬಂದು ಅವಳ ಬಗಲಿಗೆ ಕೂತೆ. ನೋಡುತ್ತೇನೆ, ಅವಳ ಕಣ್ಣು ಹೊರಗೆ ತರಕಾರಿ ಗಾಡಿಯವನ ಮೇಲಿದೆ, ಬೆರಳು ಇಲ್ಲಿ ‘ಕಿಟಕಿ’ ಹೊಂದಿಸುತ್ತಿದೆ! ನೋಡದೆಯೇ ಹೊಂದಿಸುತ್ತಾಳೆ ಅಂದರೆ ಏನರ್ಥ? ತಮ್ಮನಿಗೆ ಹೇಳಿದೆ. “ನೀ ಏನ ಅಂತೀ ಯಕ್ಕಾ” ಎಂದು ನಗುತ್ತಲೇ ಅದನ್ನು ಆರಿಸಿ ಮತ್ತೆ ಹಚ್ಚಿದ. ಅದೇ ಹೆಸರು, ಅದೇ ಹಿಂದುಮುಂದು. ಮತ್ತೆ ಆರಿಸಿದ, ಹಚ್ಚಿದ. ಅದೇ. ನಗು ನಿಂತಿತು.

ಕಂಪ್ಯೂಟರಿಗೆ ಪ್ರತಿಸಲ ಕಲಸುವ ಮೊದಲು ಒಂದು ಹೊಸ ಬೀಜ ಕೊಡಬೇಕಂತೆ. ಇಲ್ಲವಾದರೆ ಅದು ದಿನಾ ಬೆಳಿಗ್ಗೆ ಎದ್ದು ನಿನ್ನೆಯ ಬೆಳೆಯನ್ನೇ ಬೆಳೆಯುತ್ತದಂತೆ. ಇವನು ಬೀಜ ಹಾಕುವುದನ್ನೇ ಮರೆತಿದ್ದ! ಕಲಸುವುದರಲ್ಲಿ ನ್ಯಾಯ ಅನ್ಯಾಯ ಎಂದು ಜನ್ಮ ಕಳೆದವನು ಹೆಂಡತಿಗೆ ದಿನಾ ಅದೇ ಹಳಸಲನ್ನು ಬಡಿಸಿದ್ದ. ಗುಣವಾದದ್ದು ಅವಳ ಮಾತಲ್ಲ, ಬೆರಳಿನ ರೂಢಿ.

ಆ ಮಧ್ಯಾಹ್ನ ಅವನು ಚೀಟಿ ಎತ್ತಲಿಲ್ಲ. ನಾನು ಶೇಂಗಾ ಚಟ್ನಿ ಹಾಕಿದೆ, ತಲೆ ಬಗ್ಗಿಸಿ ತಿಂದ. ಸಂಜೆ ಓಣಿಯ ಹೆಂಗಸರು ಬಂದು, “ಅಕ್ಕಾರು ಮಾತಾಡ್ತಾರಂತಲ್ಲ ದೊಡ್ಡವ್ವ, ನಮಗ ಇನ್ನೂ ಕೇಳಿಸವಲ್ದು” ಎಂದರು. ನಾನು, “ಆಡಿದ್ಲು. ನಿಮ್ಮ ಬಾಯಾಗ ಕರದಂಟಿತ್ತು, ಅದರ ಸಪ್ಪಳದಾಗ ಕೇಳಿಲ್ಲ” ಎಂದು ಹೇಳಿ ಕಳಿಸಿದೆ.

ಮರುದಿನದಿಂದ ಗಡಿಯಾರದ ಹೊತ್ತನ್ನೇ ಬೀಜವಾಗಿ ಕೊಡಲು ಹಚ್ಚಿದ. ಅಕ್ಷರಗಳು ಖರೆ ಖರೆ ಕಲಸಿ ಬಂದವು. ಅವಳ ಬೆರಳು ಹಳೆಯ ದಾರಿಯಲ್ಲೇ ಓಡಿ, ಹೊಂದಿಸಿದ್ದೆಲ್ಲ ತಪ್ಪಾಯಿತು. ಅವಳು ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಆ ವಸ್ತುವನ್ನು ಎಡಗೈಯಿಂದ ದೂಡಿ ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನವೂ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಕೈ ಬಿಟ್ಟರೆ ಹೀಗೇ ಉಳಿಯುತ್ತದೆ ಎಂದು ಬಾಗಲಕೋಟೆಯ ಡಾಕ್ಟರ್ ಹುಡುಗಿ ಹೇಳಿದ್ದು ನಮ್ಮಿಬ್ಬರ ತಲೆಯಲ್ಲೂ ಇತ್ತು. ತಮ್ಮ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಅದನ್ನು ಎದುರಿಗಿಟ್ಟುಕೊಂಡು ಒಬ್ಬನೇ ಕೂರುತ್ತಿದ್ದ. ಹೊಂದಿಸುತ್ತಿದ್ದ, ಕಲಸುತ್ತಿದ್ದ. ಹೊಂದಿಸುವಾಗ ಬೇಕೆಂದೇ ತಪ್ಪು ಮಾಡುತ್ತಿದ್ದನೋ, ಖರೆಯೇ ತಪ್ಪುತ್ತಿದ್ದನೋ, ನನಗಂತೂ ತಿಳಿಯಲಿಲ್ಲ. ಕೋಣೆಯಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಗಂಡ ಒಂದು ಕೆಲಸ ತಪ್ಪು ಮಾಡುವುದನ್ನು ಎಷ್ಟು ದಿನ ಅಂತ ನೋಡಿಯಾಳು? ಒಂದು ಬೆಳಿಗ್ಗೆ ಗೋಡೆ ಹಿಡಿದು ಬಂದು, ಅವನ ಕೈಯನ್ನು ಪಟ್ಟನೆ ಹೊಡೆದು ಆಚೆ ಸರಿಸಿ, ತಾನೇ ಹೊಂದಿಸಿದಳು.

ಅಲ್ಲಿಂದ ಮುಂದೆ ಕೆಲಸ ನಿಧಾನ, ಆದರೆ ಖರೆಯದು. ಈಗ ಅವಳ ಕಣ್ಣು ಬೀದಿಗೆ ಹೋಗುತ್ತಿರಲಿಲ್ಲ. ಒಂದೊಂದು ಅಕ್ಷರಕ್ಕೂ ಹಣೆಯಲ್ಲಿ ಗೆರೆ ಮೂಡುತ್ತಿತ್ತು. ಹೊಂದಿಸಿದ ಮೇಲೆ ತುಟಿಯೂ ಅಲ್ಲಾಡುತ್ತಿತ್ತು. ದನಿ ಮಾತ್ರ ಇಲ್ಲ.

ಮೊನ್ನೆಯ ಮಾತು. ನಾನು ಅವರ ಹತ್ತಿರವೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ತಮ್ಮ ಅಂದು ಅವಳ ತವರೂರಿನ ಹೆಸರು ಹಾಕಿ ಗುಂಡಿ ಒತ್ತಿದ. ಅಕ್ಷರ ಬಂದು ಕೂತವು: ಗು, ಳೇ, ದ, ಗು, ಡ್ಡ. ನಾನು ಎರಡು ಸಲ ಓದಿದೆ. ನೆಟ್ಟಗಿದೆ! ಇಷ್ಟು ಉದ್ದದ ಹೆಸರು ಕಲಸದೇ ಬಂದದ್ದನ್ನು ನಾನು ನೋಡಿರಲಿಲ್ಲ.

“ಏ, ನಿನ್ನ ಮಷಿನ್ ಮತ್ತ ಕೆಟ್ಟೈತಿ. ಕಲಸೇ ಇಲ್ಲ ನೋಡು.”

“ಕೆಟ್ಟಿಲ್ಲ ಯಕ್ಕಾ. ಕಲಸೈತಿ. ಕಲಸಿದ್ರ ಹಿಂಗೂ ಬರತೈತಿ, ಅಪರೂಪಕ್ಕ.”

“ನೆಟ್ಟಗ ಬರಬ್ಯಾಡ ಅಂತ ಅದಕ್ಕ ಹೇಳಾಕ ಬರೂದಿಲ್ಲೇನು?”

“ಹೇಳಾಕ ಬರತೈತಿ. ನಾ ಹೇಳಿಲ್ಲ.” ಅವನು ಹೆಂಡತಿಯ ಕಡೆ ನೋಡುತ್ತಿದ್ದ. “ದಿನಾ ಎಷ್ಟ ತ್ರಾಸ ಪಡ್ತಾಳ. ಯಾವಾಗರ ಒಮ್ಮೆ ಅಕಿಗೂ ಬಿಟ್ಟಿ ಸಿಗ್ಲಿ ಬಿಡು.”

ನಾನು ಅವರೆಕಾಯಿಯ ಸಿಪ್ಪೆಯನ್ನು ಕಾಳಿನ ಬುಟ್ಟಿಗೆ ಹಾಕುತ್ತಿದ್ದೆ, ಅದೂ ತಿಳಿಯಲಿಲ್ಲ.

ಅವಳು ಆ ಐದು ಅಕ್ಷರಗಳ ಮೇಲೆ ಒಂದರ ಹಿಂದೆ ಒಂದರಂತೆ ಬೆರಳಾಡಿಸಿದಳು. ಹಣೆಯ ಗೆರೆ ಮೂಡಿತು. ಗಂಡನ ಮುಖವನ್ನು ಕೆಕ್ಕರಿಸಿ ನೋಡಿದಳು. ಗಂಟಲಲ್ಲಿ ಏನೋ ಗೊರಗೊರ ಅಂದಿತು, ಬಹಳ ದಿನ ಸುಮ್ಮನೆ ನಿಂತ ಮಗ್ಗವನ್ನು ತುಳಿದ ಹಾಗೆ.

“ಕಲಸ್ರಿ!”

ಒಡಕು ದನಿ. ಆದರೆ ಒಂದಕ್ಕೆ ಇನ್ನೊಂದಾಗಿ ಬಂದದ್ದಲ್ಲ. ಬೇಕಾದ ಮಾತೇ ಬಂದಿತ್ತು, ಗದರಿಕೆಯೂ ಜೊತೆಗೇ.

ಜನ್ಮವಿಡೀ ಕಲಸುತ್ತ ಬಂದವನು ಈಗ ಕಲಸು ಎಂದರೆ ಕೈ ಎತ್ತಲಿಲ್ಲ. ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿದ, ಹಾಕಿಕೊಂಡ, ತೆಗೆದು ಮತ್ತೆ ಒರೆಸಿದ. ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ಗಟ್ಟಿಯಾಗಿ.

ನಾನೇ ಬುಟ್ಟಿ ಸರಿಸಿ, ಕೈ ಚಾಚಿ ಗುಂಡಿ ಒತ್ತಿದೆ. ಗುಳೇದಗುಡ್ಡ ಚೆಲ್ಲಾಪಿಲ್ಲಿಯಾಯಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಕ್ಕೆ ಬಾಗಿದಳು.